ಪಾನನಿಷೇಧದಲ್ಲಿ ಹುಟ್ಟಿ ವೈನಿನಿಂದ ಬದುಕಿದ ಹೋಟೆಲು

ಮಾರ್ಕಸ್ ವ್ಹಿಟ್‌ಮನ್ ಹೋಟೆಲಿನ ಬಗ್ಗೆ ನನಗೆ ಕುತೂಹಲ ಹುಟ್ಟಿಸಿದ್ದು ಅದು ಶುರುವಾದ ವರ್ಷ: 1928. ಅಮೆರಿಕದ ವಾಯವ್ಯ ಮೂಲೆಯಲ್ಲಿರುವ ವಾಷಿಂಗ್ಟನ್ ರಾಜ್ಯದ ವಾಲಾ ವಾಲಾ ಎಂಬ ಊರಿನ ಪೇಟೆಯ ನಡುವೆ ಈ ಹೋಟೆಲು ಬಾಗಿಲು ತೆರೆದಾಗ ಆ ದೇಶದಲ್ಲಿ ಗಿರಾಕಿಗೆ ಒಂದು ಲೋಟ ವೈನ್ ಮಾರುವುದು ಅಪರಾಧವಾಗಿತ್ತು. ದೇಶಕ್ಕೆಲ್ಲ ಪಾನನಿಷೇಧ ಬಂದದ್ದು 1920ರಲ್ಲಿ. ವಾಷಿಂಗ್ಟನ್ ರಾಜ್ಯ ಇನ್ನೂ ಮುಂಚೆ, 1916ರ ಜನವರಿಯಲ್ಲೇ, ಹೆಂಡದಂಗಡಿಗಳಿಗೆ ಬೀಗ ಹಾಕಿತ್ತು. ಅಂಥ ಕಾಲದಲ್ಲಿ ಹುಟ್ಟಿದ ಹೋಟೆಲಿಗೆ ಇಂದು ಜನ ಬರುವುದು ಬಹುಪಾಲು ವೈನಿಗಾಗಿಯೇ. ಊಟದ ಮನೆಯಲ್ಲಿ ಕೂತರೆ ಅಡುಗೆಯ ಪಟ್ಟಿಯ ಜೊತೆಗೇ ವೈನಿನ ಪಟ್ಟಿ ಬರುತ್ತದೆ, ಅದರಲ್ಲಿ ಮೊದಲ ಮರ್ಯಾದೆ ಆ ಕಣಿವೆಯಲ್ಲೇ ಬೆಳೆದ ದ್ರಾಕ್ಷಿಗೆ.

ರಿಚ್‌ಲ್ಯಾಂಡ್‌ನಲ್ಲಿ ನೆಲೆಸಿರುವ ತಂಗಿಯ ಮನೆಯಿಂದ ಅಲ್ಲಿಗೆ ಒಂದು ಗಂಟೆಯ ದಾರಿ. ಕೊಲಂಬಿಯಾ ನದಿಯ ದಂಡೆ ಬಿಟ್ಟು ಪೂರ್ವಕ್ಕೆ ತಿರುಗಿದರೆ ಉದ್ದಕ್ಕೂ ಗೋಧಿ ಬೆಳೆದ ದಿಣ್ಣೆಗಳು, ಅವುಗಳ ಹಿಂದೆ ಬ್ಲೂ ಮೌಂಟನ್ಸ್. ಮೂವತ್ತನಾಲ್ಕು ಸಾವಿರದಷ್ಟು ಜನರಿರುವ ಊರು. ಗೋಧಿ, ಸಿಹಿ ಈರುಳ್ಳಿ ಮತ್ತು ರಾಜ್ಯದ ದೊಡ್ಡ ಜೈಲು, ಹೊರಗಿನವರು ಬಹುಕಾಲ ವಾಲಾ ವಾಲಾವನ್ನು ಗುರುತಿಸುತ್ತಿದ್ದದ್ದು ಈ ಮೂರರಿಂದ. ಊರಿನಲ್ಲೇ ಎತ್ತರದ ಕಟ್ಟಡ ಈ ಹೋಟೆಲು. ಇಟ್ಟಿಗೆಯ ಗೋಪುರ ಮರಗಳ ಮೇಲೆ ತಲೆ ಎತ್ತಿ ದೂರದಿಂದಲೇ ಕಾಣುತ್ತದೆ. ಒಳಗೆ ಕಾಲಿಟ್ಟರೆ ಕಡುಬಣ್ಣದ ಮರದ ಕೆತ್ತನೆ, ದಪ್ಪ ರತ್ನಗಂಬಳಿ, ಚರ್ಮದ ಕುರ್ಚಿಗಳು. ನೆಲಮಹಡಿಯಲ್ಲೇ ಕಣಿವೆಯ ವೈನ್ ತಯಾರಕರು ಬಾಡಿಗೆಗೆ ಹಿಡಿದ ಟೇಸ್ಟಿಂಗ್ ರೂಮುಗಳಿವೆ. ಕೊಠಡಿಯ ಕೀಲಿ ಪಡೆದವರು ಬೀದಿಗೆ ಇಳಿಯದೆಯೇ ರುಚಿ ನೋಡಬಹುದು.

ಕಟ್ಟಿದ ಕಥೆ ಚಿಕ್ಕದು. ದೊಡ್ಡ ಊರುಗಳಂತೆ ನಮಗೂ ಒಂದು ಘನವಾದ ಹೋಟೆಲು ಬೇಕೆಂದು ಊರವರೇ ಹಣ ಕೂಡಿಸಿದರು. ಸಿಯಾಟಲ್‌ನ ವಾಸ್ತುಶಿಲ್ಪಿ ಶೆರ್ವುಡ್ ಫೋರ್ಡ್ ನಕ್ಷೆ ಬರೆದರು. ಮುಂದೆ ಹೆದ್ದಾರಿಗಳು ಬಂದವು, ಹೆದ್ದಾರಿಯ ಪಕ್ಕದಲ್ಲಿ ಮೋಟೆಲುಗಳು ಬಂದವು. ಅಮೆರಿಕದ ಸಣ್ಣ ಊರುಗಳ ಪೇಟೆಗಳೆಲ್ಲ ಸೊರಗಿದಂತೆ ಈ ಪೇಟೆಯೂ ಸೊರಗಿ, ಹೋಟೆಲಿನ ಕೊಠಡಿಗಳು ಪಾಳು ಬೀಳುವ ಸ್ಥಿತಿಗೆ ಬಂದವು. 1999ರಲ್ಲಿ ಊರಿನ ಉದ್ಯಮಿಯೊಬ್ಬರು ಅದನ್ನು ಕೊಂಡು ದುರಸ್ತಿಗೆ ಕೈಹಾಕಿದರು. 2001ರಲ್ಲಿ ಹೋಟೆಲು ಮತ್ತೆ ತೆರೆಯಿತು. ನಡುವಿನ ದಶಕಗಳಲ್ಲಿ ಕಣಿವೆಯಲ್ಲಿ ಏನಾಯಿತೆಂಬುದೇ ಅಸಲು ಕಥೆ. ಅದನ್ನು ನನಗೆ ಹೇಳಿದವರು ವೈನ್ ಸುರಿಯಲು ಬಂದ ಒಬ್ಬ ಹೆಣ್ಣುಮಗಳು. ಊರಿನ ಕಮ್ಯುನಿಟಿ ಕಾಲೇಜಿನಲ್ಲೇ ದ್ರಾಕ್ಷಿ ಕೃಷಿ ಮತ್ತು ವೈನ್ ತಯಾರಿಕೆ ಕಲಿತವರು. 2000ದಲ್ಲಿ ಶುರುವಾದ ಆ ಕೋರ್ಸಿನ ವಿದ್ಯಾರ್ಥಿಗಳು ತಾವೇ ವೈನ್ ಮಾಡಿ, ಬಾಟಲಿಗೆ ತುಂಬಿ, ಮಾರಿ ಕಲಿಯುತ್ತಾರೆ. ವೈನಿನ ಪಟ್ಟಿ ತೆರೆದು ಆ ಹೆಣ್ಣುಮಗಳು ಬೆರಳಿಟ್ಟು ತೋರಿಸಿದ ಹೆಸರು ಲಿಯೊನೆಟ್ಟಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಟಲಿಯ ಕಲಾಬ್ರಿಯಾದಿಂದ ಲಿಯೊನೆಟ್ಟಿ ಎಂಬ ದಂಪತಿ ಇಲ್ಲಿಗೆ ಬಂದು ತೋಟ ಮಾಡಿದರು. ತರಕಾರಿ ಮಾರಾಟಕ್ಕೆ, ಒಂದಿಷ್ಟು ಕಪ್ಪು ದ್ರಾಕ್ಷಿ ಮನೆಯ ವೈನಿಗೆ. ಪಾನನಿಷೇಧದ ಕಾನೂನಿನಲ್ಲಿ ಒಂದು ಸಂದು ಇತ್ತು. ಮನೆಮಂದಿಯ ಬಳಕೆಗೆಂದು ವರ್ಷಕ್ಕೆ 200 ಗ್ಯಾಲನ್, ಅಂದರೆ ಸುಮಾರು 750 ಲೀಟರ್, ಹಣ್ಣಿನ ರಸ ಮಾಡಿಟ್ಟುಕೊಳ್ಳಲು ಅಡ್ಡಿಯಿರಲಿಲ್ಲ. ಅದು ಅಮಲು ಬರಿಸದ ರಸವಾಗಿರಬೇಕೆಂದು ಕಾನೂನು ಹೇಳುತ್ತಿತ್ತಾದರೂ ಇಟಾಲಿಯನ್ ಮನೆಗಳ ನೆಲಮಾಳಿಗೆಗಳಲ್ಲಿ ಆ ರಸ ಪೀಪಾಯಿಯೊಳಗೆ ಸುಮ್ಮನೆ ಕೂರುತ್ತಿರಲಿಲ್ಲ. ಹೀಗೆ, 1928ರಲ್ಲಿ ಪೇಟೆಯ ದೊಡ್ಡ ಹೋಟೆಲಿನ ಮೇಜಿನ ಮೇಲೆ ಬರೀ ನೀರಿದ್ದಾಗ, ಕೆಲವೇ ಮೈಲಿ ಆಚೆಯ ರೈತರ ಊಟದಲ್ಲಿ ವೈನ್ ಇತ್ತು. ಈ ಊರಿನ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ ಸಂಗತಿ ಇದು.

ಆ ದಂಪತಿಯ ಮೊಮ್ಮಗ ಗ್ಯಾರಿ ಫಿಗಿನ್ಸ್. ಕಾಂಟಿನೆಂಟಲ್ ಕ್ಯಾನ್ ಎಂಬ ಡಬ್ಬಿ ಕಾರ್ಖಾನೆಯಲ್ಲಿ ಮೆಷಿನಿಸ್ಟ್ ಆಗಿದ್ದರು. ಲೋಹ ಕತ್ತರಿಸಿ, ಕೊರೆದು, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಭಾಗಗಳನ್ನು ಕೂಡಿಸುವ ಕೆಲಸ. ಅಜ್ಜನ ಮನೆಯ ವೈನಿನ ರುಚಿ, ಸೋದರಮಾವಂದಿರ ಕೈಯ ಅಭ್ಯಾಸ ಅವರೊಳಗೆ ಉಳಿದಿತ್ತು. ಪಾಳಿ ಮುಗಿಸಿ ಬಂದು ಪುಸ್ತಕ ಓದಿ, ಮನೆಯಲ್ಲೇ ಪ್ರಯೋಗ ಮಾಡಿದರು. 1974ರಲ್ಲಿ ಅಜ್ಜನ ಮನೆಯ ಹಿಂದಿನ ಇಳಿಜಾರಿನಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಮತ್ತು ರೀಸ್ಲಿಂಗ್ ಬಳ್ಳಿಗಳನ್ನು ನೆಟ್ಟರು. 1977ರಲ್ಲಿ ಹೆಂಡತಿ ನ್ಯಾನ್ಸಿಯವರ ಜೊತೆ ಸೇರಿ, ತಾಯಿಯ ತವರಿನ ಹೆಸರಿಟ್ಟು, ಲಿಯೊನೆಟ್ಟಿ ಸೆಲ್ಲರ್ ಶುರುಮಾಡಿದರು. 1978ರ ಕ್ಯಾಬರ್ನೆಯನ್ನು ಕೆಲ ವರ್ಷಗಳ ಬಳಿಕ ಒಂದು ರಾಷ್ಟ್ರೀಯ ವೈನ್ ಕೈಪಿಡಿ ದೇಶದಲ್ಲೇ ಶ್ರೇಷ್ಠವೆಂದು ಆರಿಸಿತು. ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯ ಹೆಸರಾಂತ ವೈನುಗಳಿದ್ದ ಕಾಲವದು. ಹೀಗಿದ್ದೂ ಫಿಗಿನ್ಸ್ ಕಾರ್ಖಾನೆಯ ಕೆಲಸ ಬಿಡಲಿಲ್ಲ. ವೈನ್ ಒಂದೇ ಸಂಸಾರವನ್ನು ಸಾಕಬಲ್ಲದು ಎಂಬ ಧೈರ್ಯ ಬರಲು ಇನ್ನೂ ಹಲವು ವರ್ಷ ಬೇಕಾದವು.

ಅವರ ಜೊತೆ ಸೇನೆಯ ರಿಸರ್ವ್ ಪಡೆಯಲ್ಲಿದ್ದವರು ರಿಕ್ ಸ್ಮಾಲ್, ಗೋಧಿ ರೈತರ ಮನೆಯವರು. ಗೆಳೆಯನ ಹುಚ್ಚು ಅವರಿಗೂ ಹತ್ತಿ 1981ರಲ್ಲಿ ವುಡ್‌ವರ್ಡ್ ಕ್ಯಾನ್ಯನ್ ಎಂಬ ವೈನರಿ ಹುಟ್ಟಿತು. 1983ರಲ್ಲಿ ಲೌಡನ್ ಎಂಬ ಹಳ್ಳಿಯ ಹಳೆಯ ಶಾಲೆಯ ಕಟ್ಟಡದಲ್ಲಿ ಲೆಕೋಲ್ ನಂಬರ್ 41 ಬಂತು. 1984ರಲ್ಲಿ ಸರ್ಕಾರ ವಾಲಾ ವಾಲಾ ಕಣಿವೆಯನ್ನು ಪ್ರತ್ಯೇಕ ವೈನ್ ಪ್ರದೇಶವೆಂದು ಗುರುತಿಸಿದಾಗ ಅಲ್ಲಿದ್ದದ್ದು ನಾಲ್ಕು ವೈನರಿ, ಸುಮಾರು 60 ಎಕರೆ ದ್ರಾಕ್ಷಿ. ಈಗ ನೂರಕ್ಕೂ ಹೆಚ್ಚು ವೈನರಿಗಳಿವೆ, ತೋಟ 3,000 ಎಕರೆಯ ಹತ್ತಿರ. ಹೋಟೆಲು 2001ರಲ್ಲಿ ಕಣ್ಣು ಬಿಟ್ಟಾಗ ಅದರ ಕೊಠಡಿ ತುಂಬಲು ಬೇಕಾದ ಜನರನ್ನು ಈ ತೋಟಗಳು ಆಗಲೇ ಕರೆತರತೊಡಗಿದ್ದವು. ಮೆಷಿನಿಸ್ಟ್ ಒಬ್ಬರ ಹಟ ಇಲ್ಲದಿದ್ದರೆ ಆ ಗೋಪುರ ಉಳಿಯುತ್ತಿರಲಿಲ್ಲ ಎಂದೇ ನಾನು ನಂಬುತ್ತೇನೆ.

ಮಣ್ಣಿನ ವಿಷಯ ಹೇಳದೆ ಮುಂದೆ ಹೋಗಲಾರೆ. ಹದಿನೈದು ಸಾವಿರ ವರ್ಷಗಳಷ್ಟು ಹಿಂದೆ, ಹಿಮಯುಗದ ಕೊನೆಯಲ್ಲಿ, ಮೊಂಟಾನಾದ ಕಡೆಯ ದೊಡ್ಡ ಸರೋವರವೊಂದಕ್ಕೆ ಹಿಮವೇ ಕಟ್ಟೆಯಾಗಿತ್ತು. ಆ ಕಟ್ಟೆ ಒಂದಲ್ಲ, ಹಲವು ಸಲ ಒಡೆಯಿತು. ನುಗ್ಗಿ ಬಂದ ನೀರು ವಲೂಲಾ ಎಂಬ ಕಿರಿದಾದ ಕಂದರದಲ್ಲಿ ಸಿಕ್ಕಿ, ಹಿಂದಕ್ಕೆ ಒತ್ತಿ, ಈ ಕಣಿವೆಯಲ್ಲಿ ನಿಂತು ಹೂಳು ಬಿಟ್ಟು ಹೋಯಿತು. ಅದರ ಮೇಲೆ ಗಾಳಿ ತಂದ ನುಣುಪು ಮಣ್ಣು ಕೂತಿತು. ಕಣಿವೆಯ ದಕ್ಷಿಣಕ್ಕೆ, ರಾಜ್ಯದ ಗಡಿ ದಾಟಿ ಆರೆಗಾನ್‌ಗೆ ಹೋದರೆ ಬೇರೆಯದೇ ಲೋಕ. ಅಲ್ಲಿ ನದಿ ಉರುಳಿಸಿ ತಂದ ಕಪ್ಪು ಬಸಾಲ್ಟ್ ಗುಂಡುಕಲ್ಲುಗಳೇ ಹೊಲ. ಷಾಂಪೇನ್ ಪ್ರಾಂತ್ಯದ ವೈನ್ ಮನೆತನದಿಂದ ಬಂದ ಕ್ರಿಸ್ತೋಫ್ ಬಾರಾನ್ 1996ರಲ್ಲಿ ಈ ಕಲ್ಲುಗಳನ್ನು ಕಂಡು, ಮರುವರ್ಷ ಅಲ್ಲಿ ಸಿರಾ ಬಳ್ಳಿ ನೆಟ್ಟರು. ಹಣ್ಣಿನ ಮರಗಳಿಗಷ್ಟೇ ಸರಿ ಎನ್ನುತ್ತಿದ್ದ ನೆಲವದು. 2015ರಲ್ಲಿ ಅದಕ್ಕೂ ಪ್ರತ್ಯೇಕ ಗುರುತು ಸಿಕ್ಕಿತು.

ಬಸಾಲ್ಟ್ ಎಂದಾಗ ನಮ್ಮ ವಿಜಯಪುರದ ಕಡೆಯ ಕಪ್ಪು ನೆಲ ಮನಸ್ಸಿಗೆ ಬಂತು. ಅದೂ ಲಾವಾ ಹರಿದು ಹೆಪ್ಪುಗಟ್ಟಿದ ಬಸಾಲ್ಟಿನಿಂದಲೇ ಹುಟ್ಟಿದ್ದು, ಆದರೆ ದಖನ್ನಿನ ಲಾವಾ ಆರು ಕೋಟಿ ವರ್ಷಕ್ಕೂ ಹಳೆಯದು, ಕೊಲಂಬಿಯಾ ನದಿ ಸೀಮೆಯದು ಎರಡು ಕೋಟಿ ವರ್ಷದೊಳಗಿನದು. ಅಲ್ಲಿ ಕಲ್ಲಿನ ನಡುವೆ ಸಿರಾ, ಇಲ್ಲಿ ತಿಕೋಟಾದ ಸುತ್ತ ಎರೆಮಣ್ಣಿನಲ್ಲಿ ಒಣದ್ರಾಕ್ಷಿಗೆ ಬೆಳೆವ ಥಾಮ್ಸನ್. ಎರಡೂ ಕಡೆ ಮಳೆ ಕಡಿಮೆ, ಎರಡೂ ಕಡೆ ರೈತ ಆಕಾಶ ನೋಡುತ್ತಾನೆ.

ಹೋಟೆಲಿನಲ್ಲಿ ವೈನನ್ನು ಗಂಭೀರವಾಗಿ ನಡೆಸುವುದೆಂದರೆ ದುಬಾರಿ ಬಾಟಲಿಗಳನ್ನು ಜೋಡಿಸಿಡುವುದು ಎಂದು ತಿಳಿದವರುಂಟು. ಆದರೆ ಕೆಲಸ ಶುರುವಾಗುವುದು ಕೊಳ್ಳುವಲ್ಲಿ. ಲಿಯೊನೆಟ್ಟಿಯಂಥವರು ಮಾಡುವುದು ಕಡಿಮೆ, ಬಹುಪಾಲು ಮೊದಲೇ ಹೆಸರು ಬರೆಸಿದವರಿಗೆ ಹೋಗುತ್ತದೆ. ತಯಾರಕರ ಜೊತೆ ವರ್ಷಗಳ ಒಡನಾಟ ಇಟ್ಟುಕೊಂಡ ಹೋಟೆಲಿಗೆ ಒಂದಿಷ್ಟು ಪಾಲು ದಕ್ಕುತ್ತದೆ. ಎಳೆಯ ವೈನನ್ನು ಕೊಂಡು ಮಾಗಲು ವರ್ಷಗಟ್ಟಲೆ ಬಿಡಬೇಕು, ಆ ಹಣ ಅಷ್ಟು ವರ್ಷ ಕತ್ತಲಲ್ಲಿ ಮಲಗಿರುತ್ತದೆ. ಬಿರಡೆ ಒಣಗದಂತೆ ಬಾಟಲಿಯನ್ನು ಅಡ್ಡಲಾಗಿಯೇ ಇಡಬೇಕು. ಹದಿಮೂರು ಡಿಗ್ರಿಯ ಆಸುಪಾಸು ತಂಪು ಇರಬೇಕು, ಏರಿಳಿಯಬಾರದು. ಹಳೆಯ ಕೆಂಪು ವೈನಿನ ತಳದಲ್ಲಿ ಗಷ್ಟು ಕೂತಿರುತ್ತದೆ. ಬಾಟಲಿಯ ಕತ್ತಿನ ಕೆಳಗೆ ಬೆಳಕು ಹಿಡಿದು, ಗಷ್ಟು ಕತ್ತಿಗೆ ಬರುವ ಕ್ಷಣಕ್ಕೆ ಸುರಿಯುವುದನ್ನು ನಿಲ್ಲಿಸಬೇಕು. ಒಂದೇ ಲೋಟ ಬೇಕೆನ್ನುವವರಿಗಾಗಿ ಈಗ ಒಂದು ಉಪಕರಣ ಬಂದಿದೆ. ವೈದ್ಯಕೀಯ ಸಲಕರಣೆಗಳನ್ನು ಮಾಡುವವರೊಬ್ಬರು ಕಂಡುಹಿಡಿದದ್ದು. ಬಿರಡೆ ತೆಗೆಯದೆ ಅದರೊಳಗೆ ಸಣ್ಣ ಟೊಳ್ಳು ಸೂಜಿ ತೂರಿಸಿ, ಆರ್ಗಾನ್ ಅನಿಲ ಬಿಟ್ಟು, ವೈನನ್ನು ಹೊರತೆಗೆಯುತ್ತಾರೆ. ಸೂಜಿ ಎಳೆದ ಮೇಲೆ ಬೆಂಡು ತಾನೇ ಮುಚ್ಚಿಕೊಳ್ಳುತ್ತದೆ, ಗಾಳಿ ತಾಗದ ಉಳಿದ ವೈನ್ ಕೆಡದೆ ಉಳಿಯುತ್ತದೆ. ಬಾಟಲಿಗೆ ನೂರಾರು ಡಾಲರ್ ಕೊಡಲಾಗದವರಿಗೂ ಇದರಿಂದ ಒಂದು ಗುಟುಕಿನ ದಾರಿಯಾಯಿತು. ನಾನು ಕುಡಿದದ್ದು ಕಲ್ಲುನೆಲದ ಸಿರಾ, ಒಂದು ಲೋಟ. ಹಣ್ಣಿನ ಸಿಹಿಯ ನಿರೀಕ್ಷೆಯಲ್ಲಿದ್ದ ನಾಲಗೆಗೆ ಮೊದಲು ಸಿಕ್ಕಿದ್ದು ಹೊಗೆ, ಉಪ್ಪು, ಆಲಿವ್ ಕಾಯಿಯ ಕಟು. ಅಂಥ ರುಚಿಯನ್ನು ನಾನು ಹಿಂದೆ ಕಂಡಿರಲಿಲ್ಲ.

ಕಷ್ಟಗಳೂ ಇವೆ. ಹಿಮಗಾಳಿ ಈ ಕಣಿವೆಯ ಹಳೆಯ ಶತ್ರು. 1955ರ ಚಳಿಗೆ ಬಳ್ಳಿಗಳು ಸತ್ತವು, 2004ರ ಜನವರಿಯ ಚಳಿ ಆ ವರ್ಷದ ಫಸಲನ್ನು ಬಹುಮಟ್ಟಿಗೆ ನುಂಗಿತು. ಬೇರು ತಿನ್ನುವ ಫಿಲಾಕ್ಸೆರಾ ಹೇನು 2019ರಲ್ಲಿ ಇಲ್ಲಿ ಕಾಣಿಸಿತು. 2020ರಲ್ಲಿ ಕಾಡ್ಗಿಚ್ಚಿನ ಹೊಗೆ. ಎಲ್ಲಕ್ಕಿಂತ ದೊಡ್ಡ ಚಿಂತೆ, ಜನ ವೈನ್ ಕುಡಿಯುವುದೇ ಕಡಿಮೆಯಾಗುತ್ತಿರುವುದು. ರಾಜ್ಯದ ಅತಿ ದೊಡ್ಡ ವೈನ್ ಕಂಪನಿ 2023ರಲ್ಲಿ ರೈತರಿಂದ ಕೊಳ್ಳುವ ದ್ರಾಕ್ಷಿಯನ್ನು ಇಳಿಸುವುದಾಗಿ ಹೇಳಿದಾಗ ವಾಷಿಂಗ್ಟನ್ನಿನ ದ್ರಾಕ್ಷಿ ಬೆಳೆಗಾರರೆಲ್ಲ ಬೆಚ್ಚಿದರು. ಕಣಿವೆಯ ಸಣ್ಣ ವೈನರಿಗಳಲ್ಲಿ ಗಂಡ ಹೆಂಡತಿ ಇಬ್ಬರೇ ದುಡಿಯುವವರು ಅನೇಕರು. ಇವರಿಗೆ ಪೇಟೆಯ ಒಂದು ಹೋಟೆಲಿನ ಪಟ್ಟಿಯಲ್ಲಿ ಒಂದು ಸಾಲು ಸಿಗುವುದು ದೊಡ್ಡ ಮಾತು. ತನ್ನ ಪಟ್ಟಿಯಲ್ಲಿ ಅಕ್ಕಪಕ್ಕದ ರೈತನಿಗೆ ಜಾಗ ಕೊಟ್ಟ ಹೋಟೆಲು ನನ್ನ ದೃಷ್ಟಿಯಲ್ಲಿ ಊರಿನ ಆಸ್ತಿ.

ಹೋಟೆಲಿನ ಹೆಸರೂ ಒಂದು ಗಾಯವನ್ನು ಹೊತ್ತಿದೆ. ಮಾರ್ಕಸ್ ವ್ಹಿಟ್‌ಮನ್ 1836ರಲ್ಲಿ ಇಲ್ಲಿಗೆ ಬಂದ ಮಿಷನರಿ ವೈದ್ಯ. ಬಿಳಿಯರ ಜೊತೆ ಬಂದ ದಡಾರ ಕಯೂಸ್ ಬುಡಕಟ್ಟಿನ ಮಕ್ಕಳನ್ನು ಕೊಂದಾಗ, 1847ರ ನವೆಂಬರಿನಲ್ಲಿ ವ್ಹಿಟ್‌ಮನ್ ದಂಪತಿ ಸೇರಿ 13 ಮಂದಿ ಕಯೂಸರ ದಾಳಿಯಲ್ಲಿ ಹತರಾದರು. ಅದಕ್ಕಾಗಿ 1850ರಲ್ಲಿ ಐವರು ಕಯೂಸರನ್ನು ಗಲ್ಲಿಗೇರಿಸಿದರು. 1855ರ ಒಪ್ಪಂದದಲ್ಲಿ ಕಯೂಸ್, ಉಮಟಿಲ್ಲಾ, ವಾಲಾ ವಾಲಾ ಜನ ತಮ್ಮ ನೆಲದ ಬಹುಭಾಗ ಬಿಟ್ಟುಕೊಡಬೇಕಾಯಿತು. ಈಗ ದ್ರಾಕ್ಷಿ ಬೆಳೆಯುವುದು ಅದೇ ನೆಲದಲ್ಲಿ. ರಾಷ್ಟ್ರದ ಸಂಸತ್ ಭವನದಲ್ಲಿ ವ್ಹಿಟ್‌ಮನ್ ಪ್ರತಿಮೆಯ ಬದಲು ಆದಿವಾಸಿ ಹೋರಾಟಗಾರ ಬಿಲ್ಲಿ ಫ್ರಾಂಕ್ ಜೂನಿಯರ್ ಅವರ ಪ್ರತಿಮೆ ಇಡಲು ವಾಷಿಂಗ್ಟನ್ ರಾಜ್ಯ 2021ರಲ್ಲಿ ತೀರ್ಮಾನಿಸಿತು. ಹೋಟೆಲಿನ ಹೆಸರು ಹಾಗೆಯೇ ಉಳಿದಿದೆ.

ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಮಕ್ಕಳ ಮನೆಗೆ ಹೋಗುವ ಕನ್ನಡದ ಹಿರಿಯರು ಈಗ ಬಹಳ. ವಾಲಾ ವಾಲಾಕ್ಕೆ ಒಂದು ರಾತ್ರಿ ಎತ್ತಿಡಿ. ಕುಡಿಯದವರಿಗೂ ಆ ಕಟ್ಟಡ, ಆ ಬೀದಿ, ಬೇಸಿಗೆಯ ಸಿಹಿ ಈರುಳ್ಳಿ ಸಾಕು. ಕುಡಿಯುವವರು ಹೆಸರಾಂತ ಬಾಟಲಿಯೇ ಬೇಕೆನ್ನದೆ, ಈ ಕಣಿವೆಯ ಸಣ್ಣ ತಯಾರಕರದು ಯಾವುದಿದೆ ಎಂದು ಕೇಳಿ ತರಿಸಿಕೊಳ್ಳಿ. ಮರುದಿನ ಆರೆಗಾನ್‌ನ ಪೆಂಡಲ್‌ಟನ್ ಊರಿನ ಬಳಿ ಆ ಮೂರು ಬುಡಕಟ್ಟುಗಳ ಜನರೇ 1998ರಿಂದ ನಡೆಸುತ್ತಿರುವ ತಮಸ್ಟ್‌ಸ್ಲಿಕ್ಟ್ ಸಂಗ್ರಹಾಲಯಕ್ಕೂ ಹೋಗಿ ಬನ್ನಿ. ಹೋಟೆಲಿನಿಂದ ಅದು ಒಂದು ಗಂಟೆಯ ದಾರಿ.