ಹೊರ ಡಿಸ್ಕಿನಲ್ಲಿ ಎರಡನೆಯ ಕಾರ್ಯಾಚರಣ ವ್ಯವಸ್ಥೆ: ಹಳೆಯ ಗಣಕಯಂತ್ರವನ್ನು ಬದಲಿಸುವ ಮುನ್ನ

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಉಚಿತ ಬೆಂಬಲ ನೀಡುವುದನ್ನು ನಿಲ್ಲಿಸಿತು. ಅಂದಿನಿಂದ ಲೆಕ್ಕಪರಿಶೋಧನೆಗೆಂದು ಯಾವ ಅಂಗಡಿಗೆ, ಯಾವ ಕಾರ್ಖಾನೆಗೆ ಹೋದರೂ ತೆರಿಗೆಯ ಮಾತಿಗಿಂತ ಮೊದಲು ಒಂದು ಪ್ರಶ್ನೆ ಎದುರಾಗುತ್ತದೆ: "ಸಾರ್, ಈ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸಲೇಬೇಕೆ?"

ಪ್ರಶ್ನೆ ಸಣ್ಣದಲ್ಲ. ನನ್ನ ಕಕ್ಷಿದಾರರಾದ ಸಣ್ಣ ಕೈಗಾರಿಕೋದ್ಯಮಿಯೊಬ್ಬರ ಬಳಿ ಐದು ಗಣಕಯಂತ್ರಗಳಿವೆ. ಅವುಗಳಲ್ಲಿ ಮೂರು ವಿಂಡೋಸ್ 11ಕ್ಕೆ ಅರ್ಹವಲ್ಲ. ಆ ವ್ಯವಸ್ಥೆಗೆ ಟಿಪಿಎಂ 2.0 ಎಂಬ ಭದ್ರತಾ ಘಟಕವಿರಬೇಕು; ಇಂಟೆಲ್ ಸಂಸ್ಥೆಯದಾದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆಯ ಅಥವಾ ಅದರ ನಂತರದ ಸಂಸ್ಕಾರಕವಿರಬೇಕು. ಯಂತ್ರಗಳೇನೋ ಗಟ್ಟಿಮುಟ್ಟಾಗಿವೆ, ನಿತ್ಯ ಬಿಲ್ಲು ಬರೆಯುತ್ತಿವೆ. ಮಾರಾಟಗಾರರು ಮಾತ್ರ ಮೂರನ್ನೂ ತೆಗೆದುಹಾಕುವಂತೆ ಸಲಹೆ ನೀಡಿ ಬೆಲೆಪಟ್ಟಿಯನ್ನೂ ಕೊಟ್ಟು ಹೋಗಿದ್ದರು. ಭದ್ರತಾ ಪರಿಷ್ಕರಣೆಗಳನ್ನು ಹಣ ತೆತ್ತು ಗರಿಷ್ಠ ಮೂರು ವರ್ಷ ಪಡೆಯುವ ಅವಕಾಶ ಸಂಸ್ಥೆಗಳಿಗಿದೆಯಾದರೂ ಅದರ ದರ ವರ್ಷದಿಂದ ವರ್ಷಕ್ಕೆ ಇಮ್ಮಡಿಯಾಗುತ್ತದೆ. ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ. ಹಳೆಯ ವಿಂಡೋಸನ್ನು ಇದ್ದಲ್ಲಿಯೇ ಬಿಟ್ಟು, ಯುಎಸ್‌ಬಿ ಮೂಲಕ ಜೋಡಿಸುವ ಹೊರ ಡಿಸ್ಕಿನಲ್ಲಿ ಲಿನಕ್ಸ್ ಎಂಬ ಎರಡನೆಯ ವ್ಯವಸ್ಥೆಯನ್ನು ಸ್ಥಾಪಿಸಿ, ಅಂತರಜಾಲದ ಕೆಲಸವನ್ನೆಲ್ಲ ಅದರಲ್ಲಿ ನಡೆಸುವುದೇ ಆ ದಾರಿ. ಇದರ ಲಾಭವನ್ನೂ ನಾನು ಕಂಡಿದ್ದೇನೆ, ತೊಡಕನ್ನೂ ಅನುಭವಿಸಿದ್ದೇನೆ.

ಲಿನಕ್ಸ್ ಹೊಸದೇನಲ್ಲ. ಫಿನ್ಲೆಂಡಿನ ವಿದ್ಯಾರ್ಥಿಯಾಗಿದ್ದ ಲೈನಸ್ ಟೋರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಈ ಕೆಲಸ ಇಂದು ಜಗತ್ತಿನ ಬಹುಪಾಲು ಸರ್ವರುಗಳನ್ನು ನಡೆಸುತ್ತಿದೆ. ಉಬುಂಟು, ಲಿನಕ್ಸ್ ಮಿಂಟ್ ಮುಂತಾದ ಅದರ ಆವೃತ್ತಿಗಳನ್ನು ಪರವಾನಗಿ ಶುಲ್ಕವಿಲ್ಲದೆ ಪಡೆಯಬಹುದು, ಎಷ್ಟು ಯಂತ್ರಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು. ಪರವಾನಗಿಯ ಮಾತು ಬಂದಾಗ ಒಂದು ವಿಷಯವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ನಮ್ಮ ಎಷ್ಟೋ ಅಂಗಡಿಗಳಲ್ಲಿರುವ ವಿಂಡೋಸ್ ಪ್ರತಿಗೆ ರಸೀದಿಯೇ ಇಲ್ಲ; ಯಂತ್ರ ಜೋಡಿಸಿಕೊಟ್ಟವರು "ಹಾಕಿಕೊಟ್ಟದ್ದು". ನಕಲಿ ತಂತ್ರಾಂಶವನ್ನು ತಿಳಿದೂ ಬಳಸಿದರೆ 1957ರ ಕೃತಿಸ್ವಾಮ್ಯ ಅಧಿನಿಯಮದ 63ಬಿ ಪ್ರಕರಣದನ್ವಯ ಏಳು ದಿನಗಳಿಂದ ಮೂರು ವರ್ಷಗಳವರೆಗೆ ಕಾರಾವಾಸವನ್ನೂ 50,000 ರೂಪಾಯಿಗಳಿಂದ 2 ಲಕ್ಷ ರೂಪಾಯಿಗಳವರೆಗೆ ದಂಡವನ್ನೂ ವಿಧಿಸಬಹುದಾಗಿದೆ. ವ್ಯಾಪಾರದ ಲಾಭಕ್ಕಾಗಿ ಬಳಸದಿದ್ದರೆ ಮಾತ್ರ ನ್ಯಾಯಾಲಯವು ಕಾರಾವಾಸವನ್ನು ಬಿಡಬಹುದು. ಅಂಗಡಿಯ ಯಂತ್ರ ವ್ಯಾಪಾರಕ್ಕಲ್ಲದೆ ಮತ್ತೇತಕ್ಕೆ?

ಹೊರ ಡಿಸ್ಕಿಗೆ ವಿಂಡೋಸನ್ನೇ ಹಾಕಬಾರದೇಕೆ ಎಂದು ಕೆಲವರು ಕೇಳುತ್ತಾರೆ. 'ವಿಂಡೋಸ್ ಟು ಗೋ' ಎಂಬ ಹೆಸರಿನಲ್ಲಿ ಅಂಥದೊಂದು ಸೌಲಭ್ಯ ವಿಂಡೋಸ್ 8ರ ಕಾಲದಲ್ಲಿ ದೊಡ್ಡ ಸಂಸ್ಥೆಗಳಿಗೆಂದು ಬಂದಿತ್ತು. 2020ರ ವಿಂಡೋಸ್ 10 ಆವೃತ್ತಿಯಲ್ಲಿ ಅದನ್ನು ಕೈಬಿಡಲಾಯಿತು. ಯುಎಸ್‌ಬಿ ಡಿಸ್ಕನ್ನು ತೋರಿಸಿದರೆ ವಿಂಡೋಸಿನ ಮಾಮೂಲಿ ಅನುಸ್ಥಾಪಕವು ಅಲ್ಲಿ ಸ್ಥಾಪಿಸಲು ನಿರಾಕರಿಸುತ್ತದೆ. ಅಡ್ಡದಾರಿಗಳು ಇವೆಯಾದರೂ ಲೆಕ್ಕಪತ್ರ ನಡೆಯುವ ಜಾಗದಲ್ಲಿ ಅಡ್ಡದಾರಿ ಬೇಡ.

ಡಿಸ್ಕಿನ ಆಯ್ಕೆಯಲ್ಲಿ ಜಿಪುಣತನ ಸಲ್ಲದು. ಪೆನ್ ಡ್ರೈವಿನಲ್ಲಿ ಲಿನಕ್ಸ್ ನಡೆಯುತ್ತದೆ. ಆದರೆ ಕಾರ್ಯಾಚರಣ ವ್ಯವಸ್ಥೆಯು ಸಣ್ಣ ಸಣ್ಣ ಕಡತಗಳನ್ನು ಎಡೆಬಿಡದೆ ಬರೆಯುವುದರಿಂದ ಅದು ನಿಧಾನವಾಗುತ್ತದೆ, ಬೇಗ ಸವೆಯುತ್ತದೆ. ತಿರುಗುವ ತಟ್ಟೆಯ ಹೊರ ಹಾರ್ಡ್ ಡಿಸ್ಕ್ ಬಾಳಿಕೆ ಬಂದೀತಾದರೂ ಪ್ರತಿ ಕ್ಲಿಕ್ಕಿಗೂ ಕಾಯಿಸುತ್ತದೆ. ಆದ್ದರಿಂದ ಎಸ್‌ಎಸ್‌ಡಿಯೇ ಸೂಕ್ತ. 256 ಜಿಬಿ ಧಾರಾಳವಾಯಿತು. ಅದನ್ನು ಯಾವ ಕಿಂಡಿಗೆ ಸಿಕ್ಕಿಸುತ್ತೇವೆಂಬುದೂ ಮುಖ್ಯ. ಯುಎಸ್‌ಬಿ 2.0 ಕಿಂಡಿಯ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್, ಯುಎಸ್‌ಬಿ 3.0 ಕಿಂಡಿಯದು 5 ಗಿಗಾಬಿಟ್. ಹೆಚ್ಚಿನ ಯಂತ್ರಗಳಲ್ಲಿ ಎರಡನೆಯದರ ಒಳಗಿನ ಪಟ್ಟಿ ನೀಲಿ ಬಣ್ಣದ್ದಾಗಿರುತ್ತದೆ. ಕಪ್ಪು ಕಿಂಡಿಗೆ ಸಿಕ್ಕಿಸಿ "ಲಿನಕ್ಸ್ ನಿಧಾನ" ಎಂದು ದೂರುವವರನ್ನು ನೋಡಿದ್ದೇನೆ.

ಇಪ್ಪತ್ತನೆಯ ತಾರೀಕಿನ ಬೆಳಗು

ಇನ್ನು ನಮ್ಮ ಕಚೇರಿಯಲ್ಲಿ ನಡೆದದ್ದು. ಸಹಾಯಕರೊಬ್ಬರು ಉತ್ಸಾಹದಿಂದ ಒಂದು ಸಂಜೆ ಹೊರ ಡಿಸ್ಕಿಗೆ ಲಿನಕ್ಸ್ ಸ್ಥಾಪಿಸಿದರು. ಅದು ಚೆನ್ನಾಗಿಯೇ ನಡೆಯಿತು. ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಅವರು ಮನೆಗೆ ಹೋದರು. ಮರುದಿನ 20ನೆಯ ತಾರೀಕು, ಜಿಎಸ್‌ಟಿಆರ್-3ಬಿ ಸಲ್ಲಿಸಲು ಕಡೆಯ ದಿನ. ಬೆಳಿಗ್ಗೆ ಯಂತ್ರವನ್ನು ಚಾಲೂ ಮಾಡಿದರೆ ಕಪ್ಪು ಪರದೆಯ ಮೇಲೆ 'ಗ್ರಬ್' ಎಂಬ ಒಂದೇ ಪದ! ವಿಂಡೋಸ್ ಇಲ್ಲ, ಟ್ಯಾಲಿ ಇಲ್ಲ, ಹಲವು ಕಕ್ಷಿದಾರರ ತಿಂಗಳ ಲೆಕ್ಕ ಅದರೊಳಗೆ. ತಡವಾದರೆ ವಿಳಂಬ ಶುಲ್ಕವಲ್ಲದೆ ಕಟ್ಟಬೇಕಾದ ತೆರಿಗೆಯ ಮೇಲೆ ಶೇ. 18ರ ಬಡ್ಡಿ. ಕರೆಸಿದ ತಂತ್ರಜ್ಞರು ನೋಡಿದೊಡನೆ, "ವಿಂಡೋಸ್ ಹೋಗಿದೆ, ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕುತ್ತೇನೆ" ಎಂದರು. ಸುಮ್ಮನೆ ಒಪ್ಪಿದ್ದರೆ ಎಲ್ಲವೂ ಅಳಿಸಿಹೋಗುತ್ತಿತ್ತು. ಅಷ್ಟರಲ್ಲಿ ನಮ್ಮಲ್ಲಿ ತರಬೇತಿಗಿದ್ದ ಹುಡುಗನೊಬ್ಬ ಯಂತ್ರವನ್ನು ಆರಿಸಿ, ಮತ್ತೆ ಚಾಲೂ ಮಾಡುವಾಗ ಎಫ್12 ಕೀಲಿಯನ್ನು ಒತ್ತಿ, ಬಂದ ಪಟ್ಟಿಯಲ್ಲಿ 'ವಿಂಡೋಸ್ ಬೂಟ್ ಮ್ಯಾನೇಜರ್' ಎಂಬುದನ್ನು ಆರಿಸಿದ. ವಿಂಡೋಸ್ ಏನೂ ಆಗಿಲ್ಲವೆಂಬಂತೆ ತೆರೆದುಕೊಂಡಿತು.

ಆದದ್ದಿಷ್ಟು. ಇಂದಿನ ಯಂತ್ರಗಳ ಒಳ ಡಿಸ್ಕಿನಲ್ಲಿ ಇಎಫ್‌ಐ ವಿಭಾಗವೆಂಬ ಚಿಕ್ಕ ಜಾಗವಿರುತ್ತದೆ. ಯಾವ ವ್ಯವಸ್ಥೆಯನ್ನು ಹೇಗೆ ಎಬ್ಬಿಸಬೇಕೆಂಬ ಕಡತ ಇರುವುದು ಅಲ್ಲಿಯೇ. ಲಿನಕ್ಸನ್ನು ಹೊರ ಡಿಸ್ಕಿಗೆ ಹಾಕಿದರೂ ಕೆಲವು ಅನುಸ್ಥಾಪಕಗಳು ಅದನ್ನು ಎಬ್ಬಿಸುವ 'ಗ್ರಬ್' ಕಡತವನ್ನು ಮೊದಲು ಕಣ್ಣಿಗೆ ಬಿದ್ದ ಇಎಫ್‌ಐ ವಿಭಾಗಕ್ಕೆ, ಅಂದರೆ ಒಳ ಡಿಸ್ಕಿಗೆ ಬರೆದು, ತಮ್ಮನ್ನು ಸರದಿಯ ಮೊದಲಲ್ಲಿ ನಿಲ್ಲಿಸಿಕೊಳ್ಳುತ್ತವೆ. ಹೊರ ಡಿಸ್ಕ್ ಇಲ್ಲದಿರುವಾಗ ಗ್ರಬ್ ತನ್ನ ಮುಂದಿನ ಕಡತಗಳನ್ನು ಕಾಣದೆ ಅಲ್ಲಿಯೇ ನಿಲ್ಲುತ್ತದೆ. ಬೀಗ ನಮ್ಮ ಬಾಗಿಲಿಗೆ, ಕೀಲಿಕೈ ಸಹಾಯಕರ ಮನೆಯಲ್ಲಿ ಎಂದಂತೆ!

ಇದನ್ನು ತಪ್ಪಿಸುವ ಖಚಿತ ಉಪಾಯವೆಂದರೆ ಸ್ಥಾಪನೆಯ ವೇಳೆ ಒಳ ಡಿಸ್ಕ್ ಯಂತ್ರಕ್ಕೆ ಕಾಣದಂತೆ ಮಾಡುವುದು. ಡೆಸ್ಕ್‌ಟಾಪ್ ಆದರೆ ವಿದ್ಯುತ್ ಸಂಪರ್ಕ ತೆಗೆದು, ಒಳ ಡಿಸ್ಕಿನ ಕೇಬಲನ್ನು ಕಳಚಿಟ್ಟು ನಂತರ ಕೆಲಸ ಆರಂಭಿಸಬೇಕು. ಲ್ಯಾಪ್‌ಟಾಪ್ ಆದರೆ ಬಯಾಸ್‌ನಲ್ಲಿ ಒಳ ಡಿಸ್ಕನ್ನು ನಿಷ್ಕ್ರಿಯಗೊಳಿಸಲು ಸಾಧ್ಯವೇ ನೋಡಬೇಕು. ಇಲ್ಲವಾದಲ್ಲಿ ಬಲ್ಲವರಿಂದ ತೆಗೆಸಬೇಕು. ಲಿನಕ್ಸ್ ಕಡತವನ್ನು 8 ಜಿಬಿಯ ಪೆನ್ ಡ್ರೈವಿಗೆ ರೂಫಸ್‌ನಂಥ ಉಚಿತ ತಂತ್ರಾಂಶದಿಂದ ಬರೆದುಕೊಂಡು, ಅದರಿಂದ ಯಂತ್ರವನ್ನು ಎಬ್ಬಿಸಿ, ಹೊರ ಡಿಸ್ಕಿಗೆ ಸ್ಥಾಪಿಸುವುದು. ಆಗ ಕಾಣುವುದು ಅದೊಂದೇ ಡಿಸ್ಕಾದ್ದರಿಂದ ಇಎಫ್‌ಐ ವಿಭಾಗವೂ ಅಲ್ಲಿಯೇ ಆಗುತ್ತದೆ, ತಪ್ಪು ಡಿಸ್ಕನ್ನು ಅಳಿಸುವ ಭಯವೂ ಇರುವುದಿಲ್ಲ. ಹೀಗೆ ಮಾಡಿದ ಡಿಸ್ಕ್ ಬೇರೆ ಯಂತ್ರಗಳಲ್ಲಿಯೂ ಸಾಮಾನ್ಯವಾಗಿ ಎದ್ದು ಕೂರುತ್ತದೆ. ಕೆಲಸ ಮುಗಿದ ಮೇಲೆ ಒಳ ಡಿಸ್ಕನ್ನು ಮರಳಿ ಜೋಡಿಸಿ, ಲಿನಕ್ಸ್ ಬೇಕಾದಾಗ ಮಾತ್ರ ಬೂಟ್ ಪಟ್ಟಿಯ ಕೀಲಿಯನ್ನು ಒತ್ತಿದರಾಯಿತು. ಆ ಕೀಲಿ ತಯಾರಕರಿಂದ ತಯಾರಕರಿಗೆ ಬೇರೆಯಾಗಿರುತ್ತದೆ. ತಮ್ಮ ಯಂತ್ರದ್ದು ಯಾವುದೆಂದು ಚೀಟಿಯಲ್ಲಿ ಬರೆದು ಪರದೆಯ ಪಕ್ಕದಲ್ಲಿ ಅಂಟಿಸಿಡುವುದು ಒಳ್ಳೆಯದು.

ಇವೆಲ್ಲಕ್ಕೂ ಮೊದಲು ಇನ್ನೊಂದನ್ನು ನೋಡಬೇಕು. ಹಲವು ಯಂತ್ರಗಳಲ್ಲಿ ಒಳ ಡಿಸ್ಕನ್ನು ಬಿಟ್‌ಲಾಕರ್ ಎಂಬ ಗೂಢಲಿಪಿ ಕಾಯುತ್ತಿರುತ್ತದೆ. ಅದು ಇರುವುದೇ ಮಾಲೀಕರಿಗೆ ತಿಳಿದಿರುವುದಿಲ್ಲ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಮುಂತಾದವನ್ನು ಬದಲಿಸಿದರೆ ವಿಂಡೋಸ್ ಮುಂದಿನ ಬಾರಿ 48 ಅಂಕಿಗಳ ಮರುಪ್ರಾಪ್ತಿ ಸಂಖ್ಯೆಯನ್ನು ಕೇಳಬಹುದು. ಯಂತ್ರವನ್ನು ಮೊದಲು ಸಿದ್ಧಪಡಿಸಿದವರ ಮೈಕ್ರೋಸಾಫ್ಟ್ ಖಾತೆಯಲ್ಲಿಯೇ ಆ ಸಂಖ್ಯೆ ಸಾಮಾನ್ಯವಾಗಿ ಇರುತ್ತದೆ. ಅವರು ಕೆಲಸ ಬಿಟ್ಟುಹೋದ ಗುಮಾಸ್ತರೋ ಕಂಪ್ಯೂಟರ್ ಅಂಗಡಿಯ ಹುಡುಗನೋ ಆಗಿದ್ದರೆ ತಮ್ಮ ಲೆಕ್ಕಪತ್ರ ತಮಗೇ ದಕ್ಕದು. ಆದ್ದರಿಂದ ಸಂಖ್ಯೆಯನ್ನು ಮೊದಲೇ ತೆಗೆದು ಕಾಗದದ ಮೇಲೆ ಮುದ್ರಿಸಿ ತಿಜೋರಿಯಲ್ಲಿಡಿ. ಲಿನಕ್ಸ್ ಹಾಕದಿದ್ದರೂ ಈ ಕೆಲಸವನ್ನು ಇಂದೇ ಮಾಡುವುದು ಲೇಸು.

ಐದೂವರೆ ಗಂಟೆಯ ವ್ಯತ್ಯಾಸ

ತಂತ್ರಜ್ಞರು ಇದನ್ನು ಕ್ಷುಲ್ಲಕವೆಂದು ಬಿಡುತ್ತಾರೆ. ಲೆಕ್ಕಪರಿಶೋಧಕನಾದ ನಾನು ಬಿಡಲಾರೆ. ಯಂತ್ರದೊಳಗಿನ ಗಡಿಯಾರದಲ್ಲಿರುವುದು ಭಾರತೀಯ ಕಾಲಮಾನವೆಂದು ವಿಂಡೋಸ್ ಭಾವಿಸುತ್ತದೆ, ಜಾಗತಿಕ ಕಾಲಮಾನವೆಂದು ಲಿನಕ್ಸ್ ಭಾವಿಸುತ್ತದೆ. ಎರಡರ ನಡುವೆ ಐದೂವರೆ ಗಂಟೆಯ ಅಂತರ. ಲಿನಕ್ಸಿನಲ್ಲಿ ಕೆಲಸ ಮಾಡಿ ವಿಂಡೋಸಿಗೆ ಮರಳಿದರೆ ಬೆಳಗಿನ 11 ಗಂಟೆ 5.30 ಎಂದು ತೋರುತ್ತದೆ. ಅಂತರಜಾಲ ಸಂಪರ್ಕವಿದ್ದರೆ ವಿಂಡೋಸ್ ಕ್ರಮೇಣ ಸರಿಪಡಿಸಿಕೊಂಡೀತು. ಭದ್ರತೆಗಾಗಿ ಸಂಪರ್ಕವನ್ನೇ ಕಡಿದಿಟ್ಟ ಯಂತ್ರದಲ್ಲಿ ತಪ್ಪು ವೇಳೆಯೇ ನಿಲ್ಲುತ್ತದೆ. ರಾತ್ರಿ ಪಾಳಿಯ ಕಾರ್ಖಾನೆಯಲ್ಲಿ ಏಪ್ರಿಲ್ 1ರ ನಸುಕಿನ 3 ಗಂಟೆಗೆ ಮಾಡಿದ ನಮೂದು ಮಾರ್ಚ್ 31ರ ರಾತ್ರಿಯದೆಂದು ದಾಖಲಾಗುತ್ತದೆ, ಅಂದರೆ ಹಿಂದಿನ ಆರ್ಥಿಕ ವರ್ಷಕ್ಕೆ!

ವೋಚರಿನ ದಿನಾಂಕವನ್ನು ನಾವೇ ಬರೆಯುತ್ತೇವೆ, ನಿಜ. ಆದರೆ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕ ತಂತ್ರಾಂಶವು ಪ್ರತಿಯೊಂದು ತಿದ್ದುಪಡಿಯನ್ನೂ ಅದರ ದಿನಾಂಕದೊಡನೆ ತಾನೇ ದಾಖಲಿಸಿಡಬೇಕು, ಆ ದಾಖಲೆಯನ್ನು ಯಾರೂ ನಿಲ್ಲಿಸಲಾಗಬಾರದು ಎಂಬ ನಿಯಮ ಜಾರಿಯಲ್ಲಿದೆ. ಈ ಬಗ್ಗೆ ಲೆಕ್ಕಪರಿಶೋಧಕರು ವರದಿಯಲ್ಲಿ ತಿಳಿಸಲೇಬೇಕು. ಆ ದಾಖಲೆಗೆ ವೇಳೆ ಸಿಗುವುದು ಸಾಮಾನ್ಯವಾಗಿ ಯಂತ್ರದ ಗಡಿಯಾರದಿಂದಲೇ. ವೇಳೆಗಳು ಹಿಂದುಮುಂದಾಗಿದ್ದರೆ ಏನು ಸಮಜಾಯಿಷಿ ಕೊಡುವುದು? ಗಡಿಯಾರವನ್ನು ಸ್ಥಳೀಯ ಕಾಲಮಾನವೆಂದೇ ಓದುವಂತೆ ಲಿನಕ್ಸಿಗೆ ಒಂದೇ ಸಾಲಿನ ಆಜ್ಞೆ ಕೊಟ್ಟರೆ ತೊಡಕು ತೀರಿತು. ಸ್ಥಾಪಿಸಿಕೊಡುವವರಿಂದ ಇದನ್ನು ಮಾಡಿಸಿ, ಎರಡೂ ವ್ಯವಸ್ಥೆಗಳ ಗಡಿಯಾರವನ್ನು ಕೈಗಡಿಯಾರದೊಡನೆ ಹೋಲಿಸಿ ನೋಡಿಯೇ ಹಣ ಕೊಡಿ.

ಯಾವ ಕೆಲಸ ಎಲ್ಲಿ?

ಲಿನಕ್ಸಿನಲ್ಲಿ ಎಲ್ಲವೂ ನಡೆಯುತ್ತದೆಂದು ನಾನು ಹೇಳುವುದಿಲ್ಲ. ನಮ್ಮ ಬೆಂಗಳೂರಿನದೇ ಆದ ಟ್ಯಾಲಿ ವಿಂಡೋಸಿಗಾಗಿ ರಚಿತವಾದದ್ದು. ಅದನ್ನು ಲಿನಕ್ಸಿನಲ್ಲಿ ನೇರವಾಗಿ ನಡೆಸಲಾಗದು. ಮ್ಯಾಕ್ರೋಗಳಿರುವ ಎಕ್ಸೆಲ್ ಕಡತಗಳು ಲಿಬ್ರೆ ಆಫೀಸಿನಲ್ಲಿ ಸರಿಯಾಗಿ ನಡೆಯುತ್ತವೆಂದು ನಂಬುವಂತಿಲ್ಲ. ಕಂಪನಿಗಳೂ ಎಲ್‌ಎಲ್‌ಪಿಗಳೂ ಜಿಎಸ್‌ಟಿ ವಿವರಪತ್ರಕ್ಕೆ ಡಿಜಿಟಲ್ ಸಹಿಯನ್ನೇ ಹಾಕಬೇಕಾದ್ದರಿಂದ ಟೋಕನ್ ಲಿನಕ್ಸಿನಲ್ಲಿ ಕೆಲಸ ಮಾಡುವುದೇ ಎಂದು ಕೊಟ್ಟವರಲ್ಲಿ ವಿಚಾರಿಸಬೇಕು. ಮಾಲೀಕತ್ವದ ಅಥವಾ ಪಾಲುದಾರಿಕೆಯ ಸಂಸ್ಥೆಗಳಿಗೆ ಮೊಬೈಲಿಗೆ ಬರುವ ಒಟಿಪಿಯೇ ಸಾಕಾಗುವುದರಿಂದ ಈ ಚಿಂತೆ ಕಡಿಮೆ. ನುಡಿಯ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಪತ್ರಗಳು ಆ ಫಾಂಟುಗಳಿಲ್ಲದೆ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣುತ್ತವೆ. ಯೂನಿಕೋಡ್ ಕನ್ನಡಕ್ಕೆ ಮಾತ್ರ ಯಾವ ಅಡ್ಡಿಯೂ ಇಲ್ಲ. ನುಡಿಯ ಕೀಲಿಮಣೆ ವಿನ್ಯಾಸ ಲಿನಕ್ಸಿನಲ್ಲಿಯೂ ದೊರೆಯುತ್ತದೆ.

ಆದ್ದರಿಂದ ಕೆಲಸವನ್ನು ಹಂಚುವುದೇ ಸರಿ. ಇ-ಮೇಲ್, ಬ್ಯಾಂಕಿನ ವ್ಯವಹಾರ, ಜಿಎಸ್‌ಟಿ ಜಾಲತಾಣ, ಗಿರಾಕಿಗಳು ಕಳುಹಿಸಿದ ಕಡತಗಳನ್ನು ತೆರೆಯುವುದು ಎಲ್ಲವೂ ಲಿನಕ್ಸಿನಲ್ಲಿ. ಲೆಕ್ಕಪುಸ್ತಕ ಮಾತ್ರ ಅಂತರಜಾಲವಿಲ್ಲದ ಹಳೆಯ ವಿಂಡೋಸಿನಲ್ಲಿ. 5 ಕೋಟಿ ರೂಪಾಯಿಗಿಂತ ಹೆಚ್ಚು ವಹಿವಾಟಿದ್ದು ಇ-ಇನ್‌ವಾಯ್ಸ್ ಮಾಡಬೇಕಾದವರು ಟ್ಯಾಲಿಯಿಂದ ಜೇಸನ್ ಕಡತವನ್ನು ತೆಗೆದು ಲಿನಕ್ಸಿನಿಂದ ಜಾಲತಾಣಕ್ಕೆ ಏರಿಸಬಹುದು. ಬಿಲ್ಲುಗಳು ದಿನಕ್ಕೆ ಹತ್ತಿಪ್ಪತ್ತಿದ್ದರೆ ಇದು ಸಾಧ್ಯ. ನೂರಾರಿದ್ದರೆ ಹೊಸ ಯಂತ್ರವನ್ನೇ ಕೊಳ್ಳುವುದು ಉತ್ತಮ. ಕಡತಗಳ ಈ ವಿನಿಮಯಕ್ಕೆ ಎರಡೂ ವ್ಯವಸ್ಥೆಗಳು ಓದಬಲ್ಲ ಎಕ್ಸ್‌ಫ್ಯಾಟ್ ವಿಭಾಗವೊಂದನ್ನು ಹೊರ ಡಿಸ್ಕಿನಲ್ಲಿಯೇ ಮಾಡಿಸಿಕೊಳ್ಳಿ. ವಿಂಡೋಸಿನ 'ಫಾಸ್ಟ್ ಸ್ಟಾರ್ಟಪ್' ಅನ್ನು ಆರಿಸಿಡಿ. ಇಲ್ಲವಾದರೆ ಅದು ಪೂರ್ತಿ ಮುಚ್ಚದೆ ಅರೆನಿದ್ರೆಯಲ್ಲಿರುವುದರಿಂದ ಲಿನಕ್ಸ್ ಒಳ ಡಿಸ್ಕಿಗೆ ಬರೆಯಲಾರದು. ಲಿನಕ್ಸ್ ವಿಭಾಗವನ್ನು ಗುರುತಿಸಲಾರದ ವಿಂಡೋಸ್ ಕೆಲವೊಮ್ಮೆ "ಫಾರ್ಮ್ಯಾಟ್ ಮಾಡಲೇ?" ಎಂದು ಕೇಳುವುದುಂಟು. ಬೇಡವೆನ್ನಬೇಕೆಂದು ಬಿಲ್ಲಿನ ಮೇಜಿನಲ್ಲಿ ಕೂರುವ ಪ್ರತಿಯೊಬ್ಬರಿಗೂ ಹೇಳಿಡಿ.

ಇದು ಬ್ಯಾಕಪ್ ಡಿಸ್ಕ್ ಅಲ್ಲವೆಂಬುದನ್ನೂ ಒತ್ತಿ ಹೇಳಬೇಕಾಗಿದೆ. ಕಂಪನಿಗಳು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದೊಳಗಿನ ಸರ್ವರಿನಲ್ಲಿ ದಿನನಿತ್ಯ ಇರಿಸಬೇಕೆಂದು 2022ರ ಆಗಸ್ಟ್ ತಿದ್ದುಪಡಿ ವಿಧಿಸಿದೆ. ಪುಸ್ತಕಗಳನ್ನು ಎಂಟು ಆರ್ಥಿಕ ವರ್ಷಗಳವರೆಗೆ ಕಾಯ್ದಿರಿಸುವುದು ಕಂಪನಿ ಅಧಿನಿಯಮದ ಅಗತ್ಯ. ಜಿಎಸ್‌ಟಿಯಲ್ಲಿ ವಾರ್ಷಿಕ ವಿವರಪತ್ರದ ಕಡೆಯ ದಿನಾಂಕದಿಂದ 72 ತಿಂಗಳು. ಹಳೆಯ ತಂತ್ರಾಂಶದಲ್ಲಿರುವ ಆ ವರ್ಷಗಳ ಲೆಕ್ಕವನ್ನು ತೆರೆಯಲು ಹಳೆಯ ವಿಂಡೋಸೇ ಬೇಕಾಗಬಹುದು. ಅದನ್ನು ಅಳಿಸದೆ, ಎರಡನೆಯ ವ್ಯವಸ್ಥೆಯನ್ನು ಹೊರಗಿನಿಂದ ಜೋಡಿಸುವುದರ ದೊಡ್ಡ ಪ್ರಯೋಜನವೇ ಇದು.

ಅಂಗೈಯಗಲದ ಡಿಸ್ಕ್ ಕಳೆದುಹೋಗುವುದೂ ಸುಲಭ. ಸ್ಥಾಪನೆಯ ವೇಳೆಯಲ್ಲಿಯೇ ಗೂಢಲಿಪೀಕರಣದ ಆಯ್ಕೆಯನ್ನು ಕೇಳಿ ಪಡೆದರೆ, ಸಿಕ್ಕವರಿಗೆ ಡಿಸ್ಕ್ ಸಿಕ್ಕೀತೇ ಹೊರತು ತಮ್ಮ ಕಡತಗಳು ಸಿಗಲಾರವು. ವಿನಿಮಯದ ಎಕ್ಸ್‌ಫ್ಯಾಟ್ ವಿಭಾಗಕ್ಕೆ ಈ ರಕ್ಷಣೆ ಇರುವುದಿಲ್ಲವಾದ್ದರಿಂದ ಅಲ್ಲಿ ಕಡತಗಳನ್ನು ಉಳಿಸಿಕೊಳ್ಳಬಾರದು.

ಮೊದಲು ಹೇಳಿದ ಉದ್ಯಮಿ ಕೊನೆಗೆ ಮೂರರಲ್ಲಿ ಒಂದು ಯಂತ್ರವನ್ನು ಮಾತ್ರ ಬದಲಿಸಿದರು. ಡಿಜಿಟಲ್ ಸಹಿ ಮತ್ತು ಇ-ಇನ್‌ವಾಯ್ಸ್ ಕೆಲಸವನ್ನು ಅದಕ್ಕೆ ಒಪ್ಪಿಸಿದರು. ಉಳಿದೆರಡಕ್ಕೆ ತಲಾ ಒಂದು ಎಸ್‌ಎಸ್‌ಡಿ ಕೊಂಡರು. ಡಿಸ್ಕ್ ಕಳಚಿ ಮನೆಗೆ ಒಯ್ಯುವಂತಿಲ್ಲವೆಂದು ಅವರು ಬರೆಸಿ ಹಾಕಿದ ಸೂಚನೆ ಬೂಟ್ ಕೀಲಿಯ ಚೀಟಿಯ ಕೆಳಗೇ ಇದೆ.