ಕಡಲ್ಕೊರೆತ: ಬಂಡೆಗಲ್ಲಿನಿಂದ ಮುನ್ಸೂಚನೆಯವರೆಗೆ

ಮುಂಗಾರು ಕಾಲಿಟ್ಟರೆ ಉಳ್ಳಾಲದಿಂದ ಕಾರವಾರದವರೆಗೆ ಕಡಲ್ಕೊರೆತದ ಸುದ್ದಿ ತಪ್ಪಿದ್ದಲ್ಲ. ಮಳೆಗಾಲದ ಎತ್ತರದ ಅಲೆಗಳು ದಡದ ಮರಳನ್ನು ಒಳಗೆಳೆದುಕೊಳ್ಳುತ್ತವೆ. ಕಡಲು ತಣ್ಣಗಾದ ಮೇಲೆ ಅದರಲ್ಲಿ ಬಹುಪಾಲು ಹಿಂತಿರುಗುತ್ತದೆ. ಜತೆಗೆ ದಡದ ಉದ್ದಕ್ಕೂ ಮರಳು ಸಾಗುತ್ತಲೇ ಇರುತ್ತದೆ. ಈ ಕೊಡುಕೊಳ್ಳುವಿಕೆಯ ಲೆಕ್ಕ ತಪ್ಪಿದಲ್ಲಿ ತೆಂಗಿನತೋಟ, ಮನೆ, ರಸ್ತೆಗಳು ನೀರುಪಾಲಾಗುತ್ತವೆ. ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರದ ಅಧ್ಯಯನದಂತೆ, 1990ರಿಂದ 2018ರ ಅವಧಿಯಲ್ಲಿ ಕರ್ನಾಟಕದ ಕಡಲತೀರದ ಸುಮಾರು ಕಾಲುಭಾಗ ಕೊರೆತಕ್ಕೆ ಸಿಕ್ಕಿದೆ.

ಇದಕ್ಕೆ ಬಹುಕಾಲ ಇದ್ದ ಮದ್ದು ಒಂದೇ: ಕೊರೆತ ಕಂಡಲ್ಲಿ ಲಾರಿಗಟ್ಟಲೆ ಬಂಡೆಗಲ್ಲು ಸುರಿಯುವುದು. ಕಲ್ಲಿನ ಗೋಡೆ ಹಿಂದಿನ ಮನೆಯನ್ನು ಕಾಯುತ್ತದೆ, ಮರಳನ್ನಲ್ಲ. ಗೋಡೆಗೆ ಬಡಿದು ಹಿಂದಕ್ಕೆ ಹೊರಳುವ ಅಲೆ ಬುಡದ ಮರಳನ್ನು ಕೆದಕುತ್ತದೆ, ಕಲ್ಲುಗಳು ಕುಸಿಯುತ್ತವೆ, ಗೋಡೆ ಮುಗಿದಲ್ಲಿ ಪಕ್ಕದವರ ಜಾಗದಲ್ಲಿ ಹೊಸ ಕೊರೆತ ಶುರುವಾಗುತ್ತದೆ.

ಉಳ್ಳಾಲದ ಅನುಭವ ಈ ದಾರಿಯನ್ನು ಬದಲಿಸಿತು. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯಲ್ಲಿ ದೋಣಿಗಳ ಓಡಾಟಕ್ಕೆಂದು 1990ರ ದಶಕದಲ್ಲಿ ಅಲೆ ತಡೆಯುವ ಎರಡು ಬ್ರೇಕ್‌ವಾಟರ್‌ಗಳನ್ನು ಕಟ್ಟಲಾಯಿತು. ಆ ಬಳಿಕ ಅಳಿವೆಯ ದಕ್ಷಿಣಕ್ಕಿರುವ ಉಳ್ಳಾಲದಲ್ಲಿ ಕೊರೆತ ಜೋರಾಯಿತು. ಏಷ್ಯನ್ ಅಭಿವೃದ್ಧಿ ಬ್ಯಾಂಕ್ 2010ರಲ್ಲಿ ಕರ್ನಾಟಕ ಮತ್ತು ಮಹಾರಾಷ್ಟ್ರಕ್ಕೆ ಸಾಲದ ನೆರವಿನ ಕರಾವಳಿ ರಕ್ಷಣಾ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದರಡಿ ಉಳ್ಳಾಲದಲ್ಲಿ ಬ್ರೇಕ್‌ವಾಟರ್‌ಗಳ ದುರಸ್ತಿಯ ಜತೆ ದಡದಿಂದ ದೂರ, ನೀರಿನೊಳಗೆ ರೀಫ್‌ಗಳನ್ನು ನಿರ್ಮಿಸಲಾಯಿತು. ಅಲೆ ಅಲ್ಲೇ ಮುರಿದು ಬಲ ಕಳೆದುಕೊಂಡು ದಡ ತಲುಪಬೇಕು ಎಂಬುದು ಇದರ ತತ್ವ. ಒಂದು ಪಕ್ಕದಲ್ಲಿ ಕಡಲು, ಇನ್ನೊಂದು ಪಕ್ಕದಲ್ಲಿ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ ಇರುವ ಮರವಂತೆಯಲ್ಲಿ ದಡದಿಂದ ಕಡಲಿಗೆ ಚಾಚಿದ ಗ್ರೋಯಿನ್‌ಗಳು ಬಂದವು. ಇವು ಸಾಗುವ ಮರಳನ್ನು ತಡೆದು ನಿಲ್ಲಿಸುತ್ತವೆ.

ಅಷ್ಟರಲ್ಲಿ ಚಂಡಮಾರುತಗಳ ಭಯವೂ ಸೇರಿಕೊಂಡಿತು. ಅರಬ್ಬಿ ಸಮುದ್ರ ಬಿಸಿಯಾಗುತ್ತಿದ್ದು, 2001–2019ರಲ್ಲಿ ಅಲ್ಲಿ ಚಂಡಮಾರುತಗಳ ಸಂಖ್ಯೆ ಅದಕ್ಕೂ ಹಿಂದಿನ ಎರಡು ದಶಕಗಳಿಗಿಂತ ಶೇ 52ರಷ್ಟು ಹೆಚ್ಚಿದೆ ಎಂದು ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು ತೋರಿಸಿದ್ದಾರೆ. 2017ರ ಓಖಿ ಆಳಸಮುದ್ರದಲ್ಲಿದ್ದ ಕೇರಳ, ತಮಿಳುನಾಡಿನ ಮೀನುಗಾರರನ್ನು ಬಲಿ ತೆಗೆದುಕೊಂಡಿತು. ಎಚ್ಚರಿಕೆ ಹೊರಟರೂ ದಿನಗಟ್ಟಲೆ ಕಡಲಲ್ಲಿರುವ ದೋಣಿಗೆ ಅದನ್ನು ಮುಟ್ಟಿಸುವ ದಾರಿ ಇರಲಿಲ್ಲ. 2021ರ ಮೇ ತಿಂಗಳ ತೌಕ್ತೆ ಕರ್ನಾಟಕದ ದಡಕ್ಕೆ ಅಪ್ಪಳಿಸದೆ ಗುಜರಾತಿನತ್ತ ಸಾಗಿದರೂ ಹೋಗುತ್ತಲೇ ಇಲ್ಲಿ ಮನೆ, ದೋಣಿ, ರಸ್ತೆಗಳನ್ನು ಹಾಳುಗೆಡವಿತು. ಮೂಲ್ಕಿ ಬಳಿ ಬಂಡೆಗೆ ಸಿಲುಕಿದ ಟಗ್‌ನಲ್ಲಿದ್ದ 9 ಮಂದಿಯನ್ನು ನೌಕಾಪಡೆ ಮತ್ತು ಕರಾವಳಿ ಕಾವಲು ಪಡೆ ಪಾರುಮಾಡಿದವು.

ಹೀಗೆ ಕಟ್ಟುವ ಕೆಲಸದ ಜತೆ ತಿಳಿಸುವ ಕೆಲಸವೂ ಬೆಳೆಯಿತು. ರಾಷ್ಟ್ರೀಯ ಚಂಡಮಾರುತ ಅಪಾಯ ತಗ್ಗಿಸುವ ಯೋಜನೆಯ ಎರಡನೇ ಹಂತ 2015ರಲ್ಲಿ ಮಂಜೂರಾದಾಗ ಕರ್ನಾಟಕವೂ ಅದರಲ್ಲಿ ಸೇರಿತು. ಆಶ್ರಯ ಕಟ್ಟಡಗಳು, ಮುನ್ನೆಚ್ಚರಿಕೆ ಪ್ರಸಾರ ವ್ಯವಸ್ಥೆ ಅದರ ಮುಖ್ಯ ಅಂಗಗಳು. ಹೈದರಾಬಾದಿನ ಸಾಗರ ಮಾಹಿತಿ ಸೇವಾ ಕೇಂದ್ರವಾದ ಇನ್‌ಕಾಯಿಸ್ ಅಲೆಗಳ ಎತ್ತರದ ಮುನ್ಸೂಚನೆ ಕೊಡುತ್ತದೆ. ಮೊಬೈಲ್ ಸಿಗ್ನಲ್ ಸಿಗದ ದೂರದಲ್ಲೂ ಉಪಗ್ರಹದ ಮೂಲಕ ಸಂದೇಶ ಪಡೆದು ಕಳಿಸಬಲ್ಲ ಟ್ರಾನ್ಸ್‌ಪಾಂಡರ್‌ಗಳನ್ನು ದೇಶದ 1 ಲಕ್ಷ ದೋಣಿಗಳಿಗೆ ಅಳವಡಿಸುವ ಯೋಜನೆ 2024ರಲ್ಲಿ ಆರಂಭವಾಯಿತು. ಅಳಿವೆಗಳಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ನೆಡುವುದು, ದಡದ ಮರಳುದಿಬ್ಬಗಳನ್ನು ಉಳಿಸುವುದು ಈ ಸಿದ್ಧತೆಯ ಅಗ್ಗದ, ಆದರೆ ನಿಧಾನವಾಗಿ ಫಲ ಕೊಡುವ ಭಾಗ.