ಸೋತ ದಂಗೆ, ಗೆದ್ದ ಸೇನೆ

ಸೈನ್ಯದೊಳಗಿಂದಲೇ ಎದ್ದ ದಂಗೆಯೊಂದು ನಾಲ್ಕು ದಿನಗಳಲ್ಲಿ ಅಡಗಿ, ಅದರ ನಾಯಕರು ಮರಣದಂಡನೆಗೆ ಗುರಿಯಾಗಿ, ರಾಜ್ಯವ್ಯವಸ್ಥೆಯು ಹೊರನೋಟಕ್ಕೆ ಎಂದಿನಂತೆಯೇ ಮುಂದುವರಿದರೆ, ಆ ದಂಗೆಯ ಕಥೆ ಅಲ್ಲಿಗೆ ಮುಗಿಯಿತೆಂದು ನಾವು ಭಾವಿಸುವುದುಂಟು. 1936ರ ಫೆಬ್ರವರಿ 26ರಂದು ಜಪಾನಿನ ರಾಜಧಾನಿಯಲ್ಲಿ ನಡೆದುದನ್ನು ಪರಿಶೀಲಿಸಿದವರು ಹಾಗೆ ಭಾವಿಸಲಾರರು.

ಅಂದು ಬೆಳಗಿನ ಜಾವ, ಟೋಕಿಯೋ ನಗರವು ಹಿಮದಲ್ಲಿ ಹುದುಗಿದ್ದಾಗ, ಕೆಲವು ಮಂದಿ ಕಿರಿಯ ಅಧಿಕಾರಿಗಳು ಸುಮಾರು 1,400 ಸೈನಿಕರನ್ನು ಹೊರಡಿಸಿಕೊಂಡು ಬಂದು, ಸೇನಾವೆಚ್ಚಕ್ಕೆ ಕಡಿವಾಣ ಹಾಕಲೆತ್ನಿಸಿದ್ದ ವೃದ್ಧ ಅರ್ಥಸಚಿವ ತಕಹಾಶಿ ಕೊರೆಕಿಯೊ ಅವರನ್ನೂ ಇನ್ನಿಬ್ಬರು ಹಿರಿಯರನ್ನೂ ಅವರವರ ಮನೆಗಳಲ್ಲಿಯೇ ಕೊಂದರು. ಪ್ರಧಾನಿ ಒಕಾದಾ ಕೆಯ್ಸುಕೆ ಅವರೆಂದು ಭ್ರಮಿಸಿ ಅವರ ಭಾವಮೈದುನನನ್ನು ಕೊಂದರು. ಸೇವಕಿಯರ ಕೋಣೆಯ ಗೂಡಿನಲ್ಲಿ ಅವಿತಿದ್ದ ಪ್ರಧಾನಿಯು ಮರುದಿನ, ತನ್ನದೆಂದೇ ಲೋಕವು ನಂಬಿದ್ದ ಶವಕ್ಕೆ ಗೌರವ ಸಲ್ಲಿಸಲು ಬಂದವರ ಗುಂಪಿನಲ್ಲಿ ಸೇರಿ ಪಾರಾದರು.

ಇದು ಹಸಿದ ರೈತರ ಮಕ್ಕಳ ದಂಗೆಯೆಂಬುದು ಬಹುಕಾಲದಿಂದ ಪ್ರಚಾರದಲ್ಲಿರುವ ಮಾತು. ಇದರಲ್ಲಿ ಅರ್ಧ ಸತ್ಯವುಂಟು. 1929ರ ನಂತರ ರೇಷ್ಮೆಯ ಬೆಲೆ ಕುಸಿದುದೂ, 1934ರಲ್ಲಿ ಈಶಾನ್ಯದ ತೋಹೊಕು ಸೀಮೆಯಲ್ಲಿ ಬೆಳೆ ಕೆಟ್ಟುದೂ, ಬಡವರ ಹೆಣ್ಣುಮಕ್ಕಳು ವೇಶ್ಯಾಗೃಹಗಳಿಗೆ ಮಾರಾಟವಾದುದೂ ಹುಸಿಯಲ್ಲ. ಆ ಸಂಕಟವನ್ನು ಕಂಡು ಕೇಳಿ ಅಧಿಕಾರಿಗಳ ಮನಸ್ಸು ಕುದಿದುದೂ ನಿಜವೇ. ಆದರೆ ಅವರಲ್ಲಿ ಅನೇಕರು ಸೇನಾಧಿಕಾರಿಗಳ ಮನೆತನದವರು. ಅವರ ಘೋಷಣಾಪತ್ರವು ಚಕ್ರವರ್ತಿಯ ಸುತ್ತಣ ‘ದುಷ್ಟ ಸಲಹೆಗಾರ’ರನ್ನು ಹಳಿಯಿತೇ ಹೊರತು, ಗೇಣಿಗೂ ಸಾಲಕ್ಕೂ ಪರಿಹಾರವನ್ನು ಹೇಳಲಿಲ್ಲ. ಸಾಮಾನ್ಯ ಸೈನಿಕರಲ್ಲಂತೂ ಬಹುಮಂದಿ ಆಗತಾನೆ ಸೇರಿದ ಹೊಸಬರು, ಮೇಲಿನವರ ಆಜ್ಞೆಯೆಂದು ನಡೆದವರು. ಅನ್ನವಿಲ್ಲದವರ ಹೆಸರನ್ನು ಹಿಡಿದು ಬಂದವರೆಲ್ಲರೂ ಅನ್ನವಿಲ್ಲದವರ ಪ್ರತಿನಿಧಿಗಳಾಗುವುದಿಲ್ಲವೆಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

ಬಡತನಕ್ಕಿಂತ ಹತ್ತಿರದ ಕಾರಣವೊಂದಿತ್ತು. 1932ರ ಮೇ 15ರಂದು ಪ್ರಧಾನಿ ಇನುಕಾಯ್ ತ್ಸುಯೊಶಿ ಅವರನ್ನು ಕೊಂದ ಯುವ ಸೈನಿಕರ ವಿಚಾರಣೆಯು ಬಹಿರಂಗವಾಗಿ ನಡೆದಾಗ, ದಯೆ ತೋರಬೇಕೆಂಬ ಬಿನ್ನಹಗಳು ದೇಶದ ಮೂಲೆಮೂಲೆಗಳಿಂದ ಹರಿದುಬಂದುವು, ಯಾರಿಗೂ ಮರಣದಂಡನೆಯಾಗಲಿಲ್ಲ. ಉದ್ದೇಶವು ಶುದ್ಧವಾಗಿದ್ದರೆ ಕೊಲೆಯೂ ಕ್ಷಮ್ಯವೆಂದು ಸಮಾಜವೇ ಕಲಿಸಿದ ಪಾಠವಿದು. ಈ ಬಾರಿ ಮಾತ್ರ ಚಕ್ರವರ್ತಿ ಹಿರೊಹಿತೊ ಕೋಪಗೊಂಡು, ಇವರು ಬಂಡುಕೋರರೆಂದು ಸಾರಿ, ದಂಗೆಯನ್ನು ಅಡಗಿಸಲು ಆಜ್ಞಾಪಿಸಿದನು. ಹಿಂತಿರುಗಲು ಇನ್ನೂ ಕಾಲ ಮಿಂಚಿಲ್ಲವೆಂದು ಕರಪತ್ರಗಳಲ್ಲಿಯೂ ರೇಡಿಯೋದಲ್ಲಿಯೂ ಕೇಳಿದ ಸೈನಿಕರು 29ರಂದು ಬ್ಯಾರಕ್ಕುಗಳಿಗೆ ಮರಳಿದರು. ವಿಚಾರಣೆ ಗುಪ್ತವಾಗಿ, ವಕೀಲರಿಲ್ಲದೆ, ಮೇಲ್ಮನವಿಗೆ ಅವಕಾಶವಿಲ್ಲದೆ ನಡೆದು, ಜುಲೈ 12ರಂದು 15 ಮಂದಿ ಗುಂಡಿಗೆ ಬಲಿಯಾದರು.

ದಂಗೆ ಅಡಗಿದ್ದರಿಂದ ನಾಗರಿಕ ಸರ್ಕಾರವು ಬಲಗೊಂಡಿತೆಂಬುದೇ ಎಲ್ಲಕ್ಕಿಂತಲೂ ಅಪಾಯಕರವಾದ ತಪ್ಪು ಕಲ್ಪನೆ. ಸೇನೆಯೊಳಗೆಯೇ ದಂಗೆಕೋರರ ಪಕ್ಷಕ್ಕೆ ಎದುರಾಗಿದ್ದ ಇನ್ನೊಂದು ಪಕ್ಷವು, ಶಿಸ್ತಿನ ಹೆಸರಿನಲ್ಲಿ ಪ್ರತಿಸ್ಪರ್ಧಿಗಳನ್ನು ತೊಡೆದುಹಾಕಿ, ಮತ್ತೊಂದು ದಂಗೆಯ ಭಯವನ್ನು ಮುಂದೊಡ್ಡಿ, ಮಂತ್ರಿಗಳ ಆಯ್ಕೆಯಲ್ಲಿಯೂ ಆಯವ್ಯಯದಲ್ಲಿಯೂ ತನ್ನ ಇಚ್ಛೆಯನ್ನು ನಡೆಸಿಕೊಂಡಿತು. 1913ರಲ್ಲಿ ಸಡಿಲಿಸಲಾಗಿದ್ದ ನಿಯಮವು, ಅಂದರೆ ಸೇವೆಯಲ್ಲಿರುವ ಸೇನಾನಿಯೇ ಸೇನಾಸಚಿವನಾಗಬೇಕೆಂಬ ಕಟ್ಟಳೆಯು, 1936ರ ಮೇ ತಿಂಗಳಲ್ಲಿ ಮರಳಿ ಜಾರಿಗೆ ಬಂದಿತು. ಸೇನೆಯು ಸಚಿವನನ್ನು ಕೊಡದಿದ್ದರೆ ಮಂತ್ರಿಮಂಡಲವೇ ನಿಲ್ಲುವಂತಿರಲಿಲ್ಲ. 1937ರ ಜನವರಿಯಲ್ಲಿ ಪ್ರಧಾನಿಯಾಗಿ ನಿಯೋಜಿತರಾದ ಉಗಾಕಿ ಕಜುಶಿಗೆ ಅವರು ಸರ್ಕಾರವನ್ನು ರಚಿಸಲಾಗದೆ ಹಿಂದೆ ಸರಿದುದು ಇದರಿಂದಲೇ. 1940ರ ಜುಲೈಯಲ್ಲಿ ಸೇನಾಸಚಿವನು ರಾಜೀನಾಮೆಯಿತ್ತು, ಸೇನೆಯು ಬದಲಿಯನ್ನು ಕೊಡದೆ ಹೋದುದರಿಂದ ಪ್ರಧಾನಿ ಯೊನಾಯ್ ಅವರ ಮಂತ್ರಿಮಂಡಲವು ಬಿದ್ದಿತು. ಅದೇ ವರ್ಷದ ಸೆಪ್ಟೆಂಬರ್ 27ರಂದು, ಸೇನೆಯು ಬಯಸಿದ್ದಂತೆಯೇ, ಜಪಾನು ಜರ್ಮನಿ ಮತ್ತು ಇಟಲಿಗಳೊಡನೆ ಒಪ್ಪಂದಕ್ಕೆ ಸಹಿ ಹಾಕಿತು.